ಮೂರು ದಿನದ ಚೆಸ್ ಟೂರ್ನಮೆಂಟ್: ಎರಡನೇ ದಿನ ಯಾರಾದ್ರೂ ಬರ್ತಾರಾ?

ಒಂಟಿಕುದುರೆ:

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ಸಹಿಸಿಕೊಳ್ಳಿ.

ಸೆಕೆಂಡ್ ಲೈಫ್‌ನಲ್ಲಿ (ಅವತಾರ್ ಅನ್ನುವ ಗೊಂಬೆಯ ರೂಪದಲ್ಲಿ ಓಡಾಡುವ ಇಂಟರ್ನೆಟ್ ಲೋಕ) ನಮ್ಮದೊಂದು ಚಿಕ್ಕ ಗುಂಪಿದೆ. ವಾರಕ್ಕೊಮ್ಮೆ ಸೇರುತ್ತೇವೆ, ಚೆಸ್ ಆಡುತ್ತೇವೆ, ಆಡಿದ್ದಕ್ಕಿಂತ ಜಾಸ್ತಿ ಹರಟೆ ಹೊಡೆಯುತ್ತೇವೆ. ಹೋದ ತಿಂಗಳು ಯಾರೋ "ಮೂರು ದಿನದ ಟೂರ್ನಮೆಂಟ್ ಮಾಡೋಣ" ಅಂದರು. ಎಲ್ಲರೂ ಹೂಂ ಅಂದರು. ಆಮೇಲೆ ಎಲ್ಲರೂ ನನ್ನ ಕಡೆ ನೋಡಿದರು. ಅವತಾರ್‌ಗಳು ನೋಡುವುದು ಹೇಗೆ ಅಂತ ಗೊತ್ತಲ್ವಾ, ಮೈ ಅಲ್ಲಾಡಲ್ಲ, ಕತ್ತು ಮಾತ್ರ ತಿರುಗುತ್ತೆ. ಹತ್ತು ಕತ್ತು ಒಟ್ಟಿಗೆ ತಿರುಗಿದವು. ಹೀಗೆ ನಾನು ಆಯೋಜಕನಾದೆ.

ಈಗ ಪಟ್ಟಿಯಲ್ಲಿ 23 ಹೆಸರಿವೆ. ದಿನಾಂಕ ಮಾರ್ಚ್ ಎರಡನೇ ಭಾನುವಾರಕ್ಕೆ ಮುಗಿಯುವ ಹಾಗೆ ಶುಕ್ರ, ಶನಿ, ಭಾನು. ಒಬ್ಬೊಬ್ಬರಿಗೆ 10 ನಿಮಿಷ, ಪ್ರತಿ ನಡೆಗೆ 5 ಸೆಕೆಂಡ್ ಸೇರುತ್ತೆ. ನಾಕೌಟ್ ಮಾಡೋಣ ಅಂತಿದ್ದೇನೆ, ಸೋತವರು ಹೊರಗೆ. 32ರ ಪಟ್ಟಿ ಬರೆದು, ಮೊದಲ ಸುತ್ತಿನಲ್ಲಿ 9 ಜನಕ್ಕೆ ಬೈ (ಆಡದೆಯೇ ಮುಂದಿನ ಸುತ್ತಿಗೆ ಹೋಗುವುದು) ಕೊಟ್ಟರೆ ಒಟ್ಟು 22 ಪಂದ್ಯ. ಲೆಕ್ಕ ಸಲೀಸು.

ಆದರೂ ಹೆದರಿಕೆ. ಎರಡು ವರ್ಷದ ಹಿಂದೆ ಬೇರೊಂದು ಗುಂಪಿನ ಟೂರ್ನಮೆಂಟ್‌ನಲ್ಲಿ ಆಡಿದ್ದೆ. ಮೊದಲ ದಿನ ಕಾಲಿಡಲು ಜಾಗ ಇರಲಿಲ್ಲ. ಎರಡನೇ ದಿನ ಹೋದರೆ ನಾನು, ನನ್ನ ಎದುರಾಳಿ, ಒಬ್ಬ ರೆಫರಿ. ರೆಫರಿಯ ಅವತಾರ್ ಕೂಡ ಕುರ್ಚಿಯಲ್ಲಿ ತಲೆ ಜೋಲು ಹಾಕಿಕೊಂಡಿತ್ತು. ಅಂದರೆ ಮನುಷ್ಯ ಕೀಬೋರ್ಡ್ ಬಿಟ್ಟು ಎದ್ದು ಹೋಗಿದ್ದಾನೆ ಅಂತ. ನಾನು ಗೆದ್ದೆ. ಯಾರಿಗೂ ಗೊತ್ತೇ ಆಗಲಿಲ್ಲ.

ನಮ್ಮದೂ ಹಾಗಾಗಬಾರದು. ಏನು ಮಾಡಬೇಕು? ಒಬ್ಬೊಬ್ಬರಿಂದ 100 ಲಿಂಡೆನ್ ಡಾಲರ್ (ಅಲ್ಲಿನ ದುಡ್ಡು) ತಗೊಂಡು ಗೆದ್ದವರಿಗೆ ಕೊಟ್ಟರೆ ಜನ ಸೀರಿಯಸ್ಸಾಗಿ ಬರುತ್ತಾರಾ? ಜಾಗ ಒಬ್ಬ ಗೆಳತಿಯ ಹೋಮ್‌ಸ್ಟೆಡ್. ಅಲ್ಲಿನ ಜಾಗದ ಒಂದೊಂದು ತುಂಡನ್ನು ರೀಜನ್ ಅಂತಾರೆ, ಹೋಮ್‌ಸ್ಟೆಡ್ ಅಂದರೆ ಅದರಲ್ಲಿ ಕಡಿಮೆ ದರ್ಜೆಯದು. ಅವರು ಖುಷಿಯಿಂದ ಬಿಟ್ಟುಕೊಟ್ಟಿದ್ದಾರೆ.

---

ಕಲ್ಲುಮಂಟಪ:

ಎರಡೇ ಮಾತು.

ಒಂದು, ದುಡ್ಡು. 2007ರಲ್ಲೇ ಅಲ್ಲಿ ಜೂಜು ನಿಷೇಧ ಆಗಿದೆ. 2014ರಲ್ಲಿ ಕೌಶಲದ ಆಟಗಳಿಗೂ ಬೇರೆ ನಿಯಮ ಬಂತು. ಆಡಲು ಲಿಂಡೆನ್ ಡಾಲರ್ ಕಟ್ಟಿಸಿಕೊಂಡು, ಗೆದ್ದವರಿಗೆ ಲಿಂಡೆನ್ ಡಾಲರ್ ಕೊಡುವುದಾದರೆ ಅನುಮತಿ ಪಡೆದವರೇ ನಡೆಸಬೇಕು, ಅದಕ್ಕೆ ಮೀಸಲಾದ ರೀಜನ್‌ನಲ್ಲೇ ನಡೆಸಬೇಕು. ನಿಮ್ಮದು ಆ ಲೆಕ್ಕಕ್ಕೆ ಬರುತ್ತೋ ಇಲ್ವೋ ಅಂತ ವಾದ ಮಾಡುತ್ತಾ ಕೂರುವ ಬದಲು ಶುಲ್ಕವನ್ನೇ ಬಿಡಿ. ಬಹುಮಾನ ಕೈಯಿಂದ ಕೊಡಿ.

ಎರಡು, ಜಾಗ. ಹೋಮ್‌ಸ್ಟೆಡ್‌ನಲ್ಲಿ ಒಂದು ಸಲಕ್ಕೆ 20 ಅವತಾರ್ ಮಾತ್ರ ಹಿಡಿಸುತ್ತೆ. ನಿಮ್ಮ ಹತ್ತಿರ ಆಟಗಾರರೇ 23. ನೋಡುವವರು ಎಲ್ಲಿ ನಿಲ್ಲಬೇಕು?

---

ಹಳೇರೆಫರಿ:

ಒಂಟಿಕುದುರೆ ಅವರೇ, ಎರಡನೇ ದಿನ ಯಾಕೆ ಜನ ಬರಲ್ಲ ಅನ್ನೋದಕ್ಕೆ ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ. ನಾಕೌಟ್‌ನಲ್ಲಿ ಮೊದಲ ಸುತ್ತಿಗೇ ಏಳು ಜನ ಹೊರಗೆ. ಎರಡನೇ ಸುತ್ತು ಮುಗಿದರೆ ಉಳಿಯುವುದು ಎಂಟು. ಶುಕ್ರವಾರ ರಾತ್ರಿಯೇ 15 ಜನರಿಗೆ "ನಿಮ್ಮ ಕೆಲಸ ಮುಗೀತು, ಹೋಗಿ ಬನ್ನಿ" ಅಂದ ಹಾಗಾಯ್ತಲ್ವಾ? ಶನಿವಾರ ಅವರು ಯಾಕೆ ಬರಬೇಕು? ಚಪ್ಪಾಳೆ ಹೊಡೆಯೋಕಾ?

ನಾನು ಈ ಥರದ 11 ಟೂರ್ನಮೆಂಟ್ ನಡೆಸಿದ್ದೇನೆ. ಮೊದಲ ಮೂರು ನಾಕೌಟ್. ಮೂರೂ ಭಾನುವಾರ ಸತ್ತವು. ನಾಲ್ಕನೆಯದರಿಂದ ಸ್ವಿಸ್ ಪದ್ಧತಿಗೆ ಬಂದೆ. 1895ರಲ್ಲಿ ಜ್ಯೂರಿಕ್‌ನ ಚೆಸ್ ಪಂದ್ಯಾವಳಿಯೊಂದರಲ್ಲಿ ಮೊದಲು ಬಳಸಿದ್ದರಿಂದ ಆ ಹೆಸರು. ಯಾರೂ ಹೊರಗೆ ಹೋಗಲ್ಲ. ಪ್ರತಿ ಸುತ್ತಿನಲ್ಲೂ ನಿಮ್ಮಷ್ಟೇ ಅಂಕ ಇರುವವರ ಜೊತೆ ಆಡುತ್ತೀರಿ, ಒಮ್ಮೆ ಆಡಿದವರ ಜೊತೆ ಮತ್ತೆ ಆಡುವಂತಿಲ್ಲ. 23 ಜನಕ್ಕೆ 5 ಸುತ್ತು ಸಾಕು. ಸಂಖ್ಯೆ ಬೆಸ ಆದ್ದರಿಂದ ಪ್ರತಿ ಸುತ್ತಿಗೆ ಒಬ್ಬರಿಗೆ ಬೈ ಬರುತ್ತೆ. ಅದನ್ನು ಕೆಳಗಿರುವವರಿಗೆ ಕೊಡಿ, ಒಬ್ಬರಿಗೆ ಎರಡು ಸಲ ಬೇಡ. ಶುಕ್ರವಾರ ಎರಡು ಸುತ್ತು, ಶನಿವಾರ ಎರಡು, ಭಾನುವಾರ ಒಂದು. ಮೊದಲ ದಿನ ಎರಡೂ ಸೋತವರಿಗೆ ಶನಿವಾರ ತಮ್ಮಂಥವರೇ ಸಿಗುತ್ತಾರೆ. ಗೆಲ್ಲುತ್ತಾರೆ. ಬರುತ್ತಾರೆ.

ಇನ್ನು ನಿಮ್ಮ ದಿನಾಂಕ. ಅದನ್ನು ನೋಡಿ ನನಗೆ ನಿಜಕ್ಕೂ ಮೈ ಜುಂ ಅಂತು.

ಸೆಕೆಂಡ್ ಲೈಫ್‌ನ ಗಡಿಯಾರ ಅಮೆರಿಕದ ಪಶ್ಚಿಮ ಕರಾವಳಿಯ ಸಮಯ. ಅಲ್ಲಿ ಮಾರ್ಚ್ ಎರಡನೇ ಭಾನುವಾರ ರಾತ್ರಿ ಎರಡು ಗಂಟೆಗೆ ಗಡಿಯಾರ ನೇರ ಮೂರಕ್ಕೆ ಹಾರುತ್ತೆ. ನನ್ನ ಐದನೇ ಟೂರ್ನಮೆಂಟ್ ಸರಿಯಾಗಿ ಆ ವಾರಾಂತ್ಯಕ್ಕೇ ಬಿತ್ತು. ನೋಟ್‌ಕಾರ್ಡ್‌ನಲ್ಲಿ ನಾನೇ ಬರೆದಿದ್ದೆ, "ಮೂರೂ ದಿನ ಬೆಳಿಗ್ಗೆ 9, ಸೆಕೆಂಡ್ ಲೈಫ್ ಸಮಯ". ಶುಕ್ರ, ಶನಿ ಎಲ್ಲ ಸರಿ ಹೋಯ್ತು. ಭಾನುವಾರ ಕೊನೆಯ ಪಂದ್ಯ, ಇಬ್ಬರ ಅಂಕವೂ ಸಮ. ಒಬ್ಬರು ಬಂದು ಕೂತರು. ಇನ್ನೊಬ್ಬರ ಊರಲ್ಲಿ ಗಡಿಯಾರ ಬದಲಾಗುವ ಪದ್ಧತಿಯೇ ಇಲ್ಲ. ಅವರ ಲೆಕ್ಕದಲ್ಲಿ ಪಂದ್ಯಕ್ಕೆ ಇನ್ನೂ ಒಂದು ಗಂಟೆ ಇದೆ.

ನಾವು ಕಾದೆವು. ಬಂದಿದ್ದ ಆಟಗಾರ್ತಿ ಮೇಜಿನ ಮುಂದೆ ಕೂತು, ಬಿಳಿ ಕಾಯಿಗಳನ್ನು ಒಂದೊಂದಾಗಿ ನೋಡುತ್ತಿದ್ದರು. ಇಪ್ಪತ್ತು ನಿಮಿಷಕ್ಕೆ "ವಾಕೋವರ್ ಬೇಡ ಮೇಡಂ, ಇನ್ನೂ ಸ್ವಲ್ಪ ನೋಡೋಣ" ಅಂದರು. ನಲವತ್ತಕ್ಕೆ ಅವರೇ "ಸಾಕು" ಅಂದರು. ನಾನು ವಾಕೋವರ್ ಬರೆದೆ. ಎಲ್ಲರೂ ಹೋದ ಮೇಲೆ, ಸರಿಯಾಗಿ ಗಂಟೆ ಹೊಡೆದ ಹಾಗೆ ಆ ಇನ್ನೊಬ್ಬರು ಪ್ರತ್ಯಕ್ಷ. ಹೊಸ ಕೋಟು ಹಾಕಿಕೊಂಡು ಬಂದಿದ್ದರು, ಫೈನಲ್‌ಗೆ ಅಂತಲೇ ಕೊಂಡಿದ್ದು. "ನಾನೇ ಮೊದಲು ಬಂದ್ನಾ?" ಅಂತ ಕೇಳಿದರು. ತಪ್ಪು ಪೂರ್ತಿ ನನ್ನದು. ಆ ಕೋಟು ಇವತ್ತಿಗೂ ಕಣ್ಣ ಮುಂದಿದೆ.

ಯುರೋಪಿನಲ್ಲಿ ಗಡಿಯಾರ ಬದಲಾಗುವುದು ಮಾರ್ಚ್ ಕೊನೇ ಭಾನುವಾರ. ಅದೂ ನೆನಪಿರಲಿ. ಒಂದು ವಾರ ಮುಂದಕ್ಕೆ ಹಾಕಿದರೆ ಎರಡರಿಂದಲೂ ಬಚಾವ್. ಸಮಯವನ್ನು ಡಿಸ್ಕಾರ್ಡ್‌ನಲ್ಲಿ ಹಾಕುವುದಾದರೆ ಟೈಮ್‌ಸ್ಟಾಂಪ್ ಬಳಸಿ. ಓದುವವರಿಗೆ ಅವರವರ ಊರಿನ ಸಮಯವೇ ಕಾಣುತ್ತೆ, ಕೂಡಿ ಕಳೆಯುವ ಗೋಜೇ ಇಲ್ಲ.

ಕಾಯುವ ಬಗ್ಗೆ ನಿಯಮ ಬೇಕೇ ಬೇಕು. ನನ್ನದು ಸರಳ: ಹೇಳಿದ ಹೊತ್ತಿಗೆ ಬಾರದವರ ಗಡಿಯಾರ ಶುರು ಮಾಡಿಬಿಡುತ್ತೇನೆ. ಹತ್ತು ನಿಮಿಷ ಓಡಿ ಮುಗಿದರೆ ಆಟ ಹೋಯ್ತು. ನಾನು ಕೆಟ್ಟವಳಾಗುವುದಿಲ್ಲ, ಗಡಿಯಾರ ಕೆಟ್ಟದ್ದಾಗುತ್ತೆ. ಆಟದ ಮಧ್ಯೆ ಕನೆಕ್ಷನ್ ಹೋದರೆ ಒಂದು ಸಲಕ್ಕೆ ಐದು ನಿಮಿಷ ಮಾಫಿ. ಪ್ರತಿ ಹತ್ತು ನಡೆಗೊಮ್ಮೆ ಯಾರಾದರೂ ಬೋರ್ಡಿನ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಇಲ್ಲದಿದ್ದರೆ "ನನ್ನ ಒಂಟೆ ಅಲ್ಲಿರಲಿಲ್ಲ" ಅನ್ನುವ ಜಗಳ ಬೆಳಗಿನ ತನಕ ನಡೆಯುತ್ತೆ.

ಕೊನೆಯದಾಗಿ ಮೇಜುಗಳು. ಅಲ್ಲಿ ಮಾಮೂಲಿ ಚಾಟ್ 20 ಮೀಟರ್ ತನಕ ಕೇಳುತ್ತೆ. ಮೇಜುಗಳನ್ನು ಚೆಂದ ಕಾಣಲಿ ಅಂತ ಸಾಲಾಗಿ ಜೋಡಿಸಿದರೆ ಎಲ್ಲರ ಮಾತೂ ಎಲ್ಲರ ಕಿವಿಗೆ. 25 ಮೀಟರ್ ದೂರ ದೂರ ಇಡಿ. ನೋಡುವವರು ಕ್ಯಾಮೆರಾ ತಿರುಗಿಸಿ ನೋಡಿಕೊಳ್ಳುತ್ತಾರೆ.

---

ಒಂಟಿಕುದುರೆ:

ಸರ್, ನಿಮ್ಮ ಉತ್ತರ ಪ್ರಿಂಟ್ ಹಾಕಿಕೊಂಡೆ! ದಿನಾಂಕ ಒಂದು ವಾರ ಮುಂದಕ್ಕೆ ಹಾಕಿದ್ದೇನೆ, ಈಗಷ್ಟೇ ಗುಂಪಿಗೆ ನೋಟಿಸ್ ಕಳಿಸಿದೆ. ಶುಲ್ಕವೂ ಬಿಟ್ಟೆ. ಬಹುಮಾನಕ್ಕೆ ಗೆಳತಿ ಒಂದು ಕಿರೀಟ ಮಾಡಿಕೊಡುತ್ತಾರಂತೆ.

ಸ್ವಿಸ್‌ಗೂ ಮನಸ್ಸು ಮಾಡಿದ್ದೇನೆ. 20ರ ಲೆಕ್ಕ ಮಾತ್ರ ಇನ್ನೂ ಬಗೆಹರಿದಿಲ್ಲ. ಒಂದು ಸುತ್ತಿಗೆ 22 ಜನ ಒಟ್ಟಿಗೆ ಇರಬೇಕಲ್ಲ.

---

ಹಳೇರೆಫರಿ:

ನಾನು ಸರ್ ಅಲ್ಲಪ್ಪ, "ಕೆಟ್ಟವಳಾಗುವುದಿಲ್ಲ" ಅಂತ ಬರೆದಿದ್ದೆನಲ್ಲ. ಪ್ರಿಂಟ್ ಹಾಕಿಕೊಂಡು ಓದಲಿಲ್ವಾ?

20ರ ವಿಷಯ ನನಗೂ ಹೊಳೆದಿರಲಿಲ್ಲ. ನನ್ನವು ಯಾವಾಗಲೂ ದೊಡ್ಡ ರೀಜನ್‌ನಲ್ಲಿ ನಡೆದವು.

---

ನಿದ್ದೆಗಣ್ಣು:

ಹಳೇರೆಫರಿ ಅವರ ಮಾತು ಎಲ್ಲ ಒಪ್ಪುತ್ತೇನೆ, ಸ್ವಿಸ್ ಒಂದನ್ನು ಬಿಟ್ಟು.

ನಾನು ಯಾವಾಗಲೂ ತಪ್ಪು ಹೊತ್ತಿನಲ್ಲಿರುವ ಆಟಗಾರ. ಟೂರ್ನಮೆಂಟ್ ಎಲ್ಲಿ ನಡೆದರೂ ನನಗೆ ರಾತ್ರಿ ಮೂರು ಗಂಟೆ. ಸ್ವಿಸ್‌ನಲ್ಲಿ ದೊಡ್ಡ ತೊಂದರೆ ಏನಂದ್ರೆ, ಒಂದು ಸುತ್ತಿನ ಕೊನೇ ಆಟ ಮುಗಿಯುವ ತನಕ ಮುಂದಿನ ಸುತ್ತಿನ ಜೋಡಿ ಗೊತ್ತಾಗಲ್ಲ. 60 ನಡೆಯ ಆಟ ಅಂದರೆ ಇಬ್ಬರಿಂದ ಸೇರಿ 30 ನಿಮಿಷ. ನಾನು 10 ನಿಮಿಷದಲ್ಲಿ ಸೋತು, ಇನ್ನು 20 ನಿಮಿಷ ನಿದ್ದೆ ತಡೆದುಕೊಂಡು ಕೂರಬೇಕು. ಒಂದು ಸಲ ಹಾಗೇ ಕೀಬೋರ್ಡ್ ಮೇಲೆ ಮಲಗಿಬಿಟ್ಟಿದ್ದೆ. ಗುಂಪಿನ ಚಾಟ್ ತುಂಬಾ "ಗಗಗಗಗಗ". ಆ ಹೆಸರು ಇನ್ನೂ ಹೋಗಿಲ್ಲ.

ಗುಂಪು ಮಾಡಿ. 6, 6, 6, 5. ಆದರೆ ಚೀಟಿ ಎತ್ತಿ ಮಾಡಬೇಡಿ, ಯಾರು ಯಾವ ಹೊತ್ತಿಗೆ ಎಚ್ಚರ ಇರುತ್ತಾರೆ ಅಂತ ಕೇಳಿ ಮಾಡಿ. ಒಂದು ಗುಂಪಿನೊಳಗೆ ಎಲ್ಲರೂ ಎಲ್ಲರ ಜೊತೆ ಆಡಬೇಕು. ಶುಕ್ರ, ಶನಿ ಎರಡು ದಿನದಲ್ಲಿ ಅವರಿಗೆ ಸರಿ ಹೋದಾಗ ಆಡಿಕೊಳ್ಳಲಿ. ಲೆಕ್ಕ ಹಾಕಿದೆ: 15, 15, 15, 10, ಒಟ್ಟು 55 ಪಂದ್ಯ. ತಮಾಷೆ ನೋಡಿ, ಸ್ವಿಸ್‌ನಲ್ಲೂ ಸುತ್ತಿಗೆ 11ರಂತೆ ಐದು ಸುತ್ತಿಗೆ 55ನೇ. ಆದರೆ ಇಲ್ಲಿ ಯಾರೂ ಯಾರಿಗೂ ಕಾಯಬೇಕಿಲ್ಲ, ಒಂದು ಹೊತ್ತಿಗೆ ಒಂದೋ ಎರಡೋ ಗುಂಪು ಮಾತ್ರ ಇರುತ್ತೆ. 20ರ ಸಮಸ್ಯೆಯೂ ಹೋಯ್ತು.

---

ಹಳೇರೆಫರಿ:

ಒಳ್ಳೇ ಮಾತು. ಹೊತ್ತು ನೋಡಿ ಗುಂಪು ಮಾಡುವುದು ನನಗೆ ಹನ್ನೊಂದು ಸಲದಲ್ಲಿ ಒಮ್ಮೆಯೂ ತೋಚಲಿಲ್ಲ, ನಾಚಿಕೆ ಆಗುತ್ತೆ.

ಆದರೆ ಭಾನುವಾರ? ಗುಂಪಿಗೊಬ್ಬರಂತೆ ನಾಲ್ಕು ಜನ ಸೆಮಿಫೈನಲ್ ಆಡುತ್ತಾರೆ. 19 ಜನ ಮತ್ತೆ ಮನೆಗೆ. ಅದೇ ಹಳೇ ಕಾಯಿಲೆ, ಒಂದು ದಿನ ತಡವಾಗಿ ಬಂತು ಅಷ್ಟೇ.

---

ನಿದ್ದೆಗಣ್ಣು:

ಹೌದು. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

---

ಹೊಸಕಾಯಿ:

ನಡುವೆ ಬಾಯಿ ಹಾಕ್ತೀನಿ, ಕ್ಷಮಿಸಿ. ಪಕ್ಕದ ವಿಂಡೋದಲ್ಲಿ ಚೆಸ್ ಎಂಜಿನ್ (ಒಳ್ಳೇ ನಡೆ ಹೇಳಿಕೊಡುವ ಪ್ರೋಗ್ರಾಂ) ತೆರೆದುಕೊಂಡು ಆಡುವವರನ್ನು ಹೇಗೆ ಹಿಡೀತೀರಿ?

---

ಹಳೇರೆಫರಿ:

ಹಿಡಿಯಲ್ಲ. ಬಹುಮಾನ ಒಂದು ಕಿರೀಟ. ಅದಕ್ಕೋಸ್ಕರ ಎಂಜಿನ್ ಓಡಿಸುವವರಿಗೆ ಕಿರೀಟ ಕೊಟ್ಟು ಕಳಿಸೋಣ. ದೊಡ್ಡ ಬಹುಮಾನ ಇಟ್ಟರೆ ಆಗ ಈ ಪ್ರಶ್ನೆ ನಿಜವಾದ ಪ್ರಶ್ನೆ. ಇಡಬೇಡಿ ಅನ್ನೋದಕ್ಕೆ ಅದೂ ಒಂದು ಕಾರಣ.

ಒಂಟಿಕುದುರೆ, ರಾತ್ರಿ ಕೂತು ಯೋಚನೆ ಮಾಡಿದೆ. ಭಾನುವಾರ ಒಂದಲ್ಲ, ಮೂರು ನಾಕೌಟ್ ಇಡಿ. ಪ್ರತಿ ಗುಂಪಿನ 1, 2ನೇ ಜಾಗದವರು ಸೇರಿ 8 ಜನ, ಅದು ಮೇಲಿನದು. 3, 4ನೇ ಜಾಗದವರು ಇನ್ನು 8. ಉಳಿದ 5, 6ನೇಯವರು 7 ಜನ, ಒಬ್ಬರಿಗೆ ಬೈ. 8, 8, 7. ಕೂಡಿ ನೋಡಿ, 23. ಯಾರೂ ಉಳಿಯಲ್ಲ! ಮೂರಕ್ಕೂ ಮೂರು ಮೂರು ಸುತ್ತು, ಮೂರಕ್ಕೂ ಒಂದೊಂದು ಫೈನಲ್. ಶನಿವಾರದ ಆಟಕ್ಕೂ ಈಗ ಬೆಲೆ ಬಂತು. ನಾಲ್ಕನೇ ಜಾಗಕ್ಕೂ ಐದನೇ ಜಾಗಕ್ಕೂ ಇದ್ದಕ್ಕಿದ್ದಂತೆ ವ್ಯತ್ಯಾಸ ಇದೆ.

20 ಮೀರದ ಹಾಗೆ ಮೂರನ್ನೂ ಒಂದರ ಹಿಂದೆ ಒಂದು ಆಡಿಸಿ. ಕೆಳಗಿನದು ಮೊದಲು. ಮೇಲಿನದು ಮೊದಲಾದರೆ ಕಿರೀಟ ಕೊಟ್ಟ ಮೇಲೆ ಒಬ್ಬರೂ ನಿಲ್ಲಲ್ಲ.

---

ಒಂಟಿಕುದುರೆ:

ಅಕ್ಕಾ, ಇದು ಸರಿ ಹೋಯ್ತು. (ಈ ಸಲ ಓದಿಕೊಂಡೇ ಬರೆಯುತ್ತಿದ್ದೇನೆ.) ಕೆಳಗಿನ ಫೈನಲ್ ಗೆದ್ದವರಿಗೆ ಗೆಳತಿ ಒಂದು ಟೋಪಿ ಮಾಡುತ್ತಿದ್ದಾರೆ. ಟೋಪಿಯ ಮೇಲೆ ಉರುಳಿ ಬಿದ್ದ ರಾಜ. ಮುಗಿದ ಮೇಲೆ ಬಂದು ಹೇಳುತ್ತೇನೆ.

---

ಕಲ್ಲುಮಂಟಪ:

ಟೋಪಿ ಕಣ್ಣಿಗೆ ಚಿಕ್ಕದಾದರೂ ಸ್ಕ್ರಿಪ್ಟ್ (ಒಳಗೆ ಓಡುವ ಕೋಡ್) ಭಾರ ಇರಬಾರದು ಅಂತ ಅವರಿಗೆ ಹೇಳಿ. ಮಿಂಚುವ, ಹಾಡುವ, ಹೊಗೆ ಬಿಡುವ ಆಭರಣಗಳನ್ನೆಲ್ಲ ಕಳಚಿಟ್ಟು ಬನ್ನಿ ಅಂತ ಆಟಗಾರರಿಗೂ ಒಂದು ಸಾಲು ಹಾಕಿ. ಜಾಗ ಚಿಕ್ಕದು, ಲ್ಯಾಗ್ ಬೇಗ ಬರುತ್ತೆ, ಎಲ್ಲ ತಡವರಿಸುತ್ತೆ.

---

ಒಂಟಿಕುದುರೆ:

ನಿನ್ನೆ ಮುಗೀತು. ಬಂದು ಹೇಳುತ್ತೇನೆ ಅಂದಿದ್ದೆನಲ್ಲ, ಹೇಳುತ್ತಿದ್ದೇನೆ.

ಗುಂಪಿನ 55 ಪಂದ್ಯದಲ್ಲಿ 51 ನಡೆದವು. ನಾಲ್ಕಕ್ಕೆ ಗಡಿಯಾರವೇ ತೀರ್ಪು ಕೊಟ್ಟಿತು, ನನ್ನ ಮೇಲೆ ಯಾರೂ ಸಿಟ್ಟಾಗಲಿಲ್ಲ. ಶನಿವಾರ ಎಲ್ಲರೂ ಬಂದಿದ್ದರು. ಭಾನುವಾರ ಇಬ್ಬರು ಬರಲಿಲ್ಲ, ಒಬ್ಬರ ಕಂಪ್ಯೂಟರ್ ಕೈ ಕೊಟ್ಟಿತ್ತು, ಇನ್ನೊಬ್ಬರು ಮೊದಲೇ ಹೇಳಿದ್ದರು. ಒಂದು ಜಗಳ ಆಯ್ತು. ಕಾಯಿ ಮುಟ್ಟಿ ನಡೆ ವಾಪಸ್ ತಗೊಂಡ ವಿಷಯ. ಸ್ಕ್ರೀನ್‌ಶಾಟ್ ತೋರಿಸಿದ ಕೂಡಲೇ ತಣ್ಣಗಾಯ್ತು.

ಭಾನುವಾರ ಕೆಳಗಿನ ಫೈನಲ್. ಒಂದು ಕಡೆ ನಮ್ಮ ಗುಂಪಿಗೆ ಸೇರಿ ಎರಡೇ ತಿಂಗಳಾದ ಹುಡುಗಿ, ಎರಡು ದಿನ ಆಡಿದ ಐದೂ ಆಟ ಸೋತವಳು. ಇನ್ನೊಂದು ಕಡೆ ನಮ್ಮಲ್ಲೇ ಎಲ್ಲರಿಗಿಂತ ಜಾಸ್ತಿ ಮಾತಾಡುವ ಮನುಷ್ಯ. ಆ ಟೋಪಿ ಬೇಕೇ ಬೇಕು ಅಂತ ಇಬ್ಬರೂ ಹಠ ಹಿಡಿದಿದ್ದರು. ಗುಂಪಿನ ಚಾಟ್‌ನಲ್ಲಿ ಸುದ್ದಿ ಹರಡಿ, ಮೇಲಿನ ಎಂಟು ಜನ, ಮಧ್ಯದ ಎಂಟು ಜನ, ಅವರ ಗೆಳೆಯರು, ಯಾರ್‍ಯಾರೋ ಬರತೊಡಗಿದರು. ಎಣಿಸಿದೆ, 20. ಪೂರ್ತಿ ತುಂಬಿತ್ತು. ಖುಷಿಗೆ ಒಂದು ಫೋಟೋ ತೆಗೆಯೋಣ ಅಂತ ಹೊರಟೆ.

ಅಷ್ಟರಲ್ಲಿ ನನ್ನ ಕನೆಕ್ಷನ್ ಹೋಯ್ತು.

ವಾಪಸ್ ಬಂದರೆ ಒಳಗೆ ಬಿಡುತ್ತಿಲ್ಲ. ರೀಜನ್ ತುಂಬಿದೆ. ನಾನು ಬಿಟ್ಟ ಜಾಗಕ್ಕೆ ಯಾರೋ ಹೊಸಬರು ಬಂದು ಕೂತಿದ್ದಾರೆ. ಜಾಗದ ಒಡತಿ ಆಗಲೇ ಮಲಗಲು ಹೋಗಿದ್ದರು. ಇಬ್ಬರನ್ನು ಕೇಳಿದೆ, "ದಯವಿಟ್ಟು ಒಬ್ಬರು ಹೊರಗೆ ಹೋಗ್ತೀರಾ, ನಾನು ರೆಫರಿ" ಅಂತ. ಒಬ್ಬರಿಂದ ಉತ್ತರ ಬಂತು: "ಈಗ ಆಗಲ್ಲ, ಆನೆ ಹೋಗ್ತಿದೆ."

ಕೊನೆಗೆ ಪಕ್ಕದ ರೀಜನ್‌ಗೆ ಹೋಗಿ ಸೊಂಟದ ತನಕ ನೀರಲ್ಲಿ ನಿಂತು, ಕ್ಯಾಮೆರಾ ಗಡಿಯಾಚೆಗೆ ಚಾಚಿ ನೋಡಿದೆ. ಬೋರ್ಡಿನ ಅರ್ಧ ಕಾಣುತ್ತಿತ್ತು. ಯಾರು ಗೆದ್ದರು ಅಂತ ಗೊತ್ತಾಗಿದ್ದು, ಟೋಪಿ ಹಾಕಿಕೊಂಡ ಆ ಹುಡುಗಿ ಮೇಜಿನ ಮೇಲೆ ಹತ್ತಿ ಕುಣಿದಾಗ.

ಅಕ್ಕಾ, ಸೆಪ್ಟೆಂಬರ್‌ಗೆ ಇನ್ನೊಂದು ಮಾಡೋಣ ಅಂತಿದ್ದಾರೆ. ನಿಮ್ಮ ಆ ದೊಡ್ಡ ರೀಜನ್ ಎಷ್ಟು ಜನ ಹಿಡಿಸುತ್ತೆ?

---

ಹಳೇರೆಫರಿ:

ನೂರರ ತನಕ. ಆದರೆ ನಾನೂ ಆಡುತ್ತೇನೆ. ನನಗೆ ಆ ಟೋಪಿ ಬೇಕು.